ಫೋರ್ಕ್‌ಲಿಫ್ಟ್ ಹಿಂದೆ ಕ್ಲೀನರ್ ಇರಲ್ಲ ತಮ್ಮಾ

ಸೆಪ್ಟೆಂಬರಿಗೆ ಕೆನಡಾಗೆ ಓದೋಕೆ ಬರ್ತಿದ್ದೀನಿ, ಬ್ರಾಂಪ್ಟನ್ ವೇರ್‌ಹೌಸಲ್ಲಿ ಫ್ರೆಂಡ್ ಪಿಕ್ಕಿಂಗ್ ಕೆಲಸ, ಅಂದ್ರೆ ಆರ್ಡರ್ ಬಂದ ಸಾಮಾನು ಆರ್ಸಿ ತೆಗೆಯೋ ಕೆಲಸ ಕೊಡಿಸ್ತಾನಂತೆ, ಸರಕು ಎತ್ತಿಡೋ ಫೋರ್ಕ್‌ಲಿಫ್ಟ್ ಗಾಡಿಗಳ ಮಧ್ಯೆ ಓಡಾಡ್ಬೇಕಂತೆ, ಭಯ ಇದ್ಯಾ, ಸೇಫ್ಟಿ ಶೂ ಇಲ್ಲಿಂದ್ಲೇ ತರ್ಲಾ ಅಂತ ಕೇಳಿದ್ದೀಯ. ಶೂ ಬೇಡ ತಮ್ಮಾ, ಇಲ್ಲಿ ಸಿಎಸ್ಎ ಅನ್ನೋ ಕೆನಡಾದ ಸುರಕ್ಷತಾ ಗುರುತಿನ ಹಸಿರು ತ್ರಿಕೋನ ಇರೋದೇ ಕೇಳ್ತಾರೆ, ಬಂದ್ಮೇಲೆ ತಗೋ. ಆ ಜಾಗದಲ್ಲಿ ಅಮ್ಮನ ಚಟ್ನಿಪುಡಿ ತುಂಬ್ಕೊಂಡ್ ಬಾ. ರೂಮು, ಬಸ್ಸು ಎಲ್ಲ ಆಮೇಲೆ ಗೊತ್ತಾಗುತ್ತೆ.

ನಾನು 2009ರ ಜನವರೀಲಿ ಬಂದೋನು. ತಿಪಟೂರು ಎಪಿಎಂಸಿ ಯಾರ್ಡಲ್ಲಿ ಕೊಬ್ಬರಿ ಮೂಟೆ ಮಧ್ಯೆ ಬೆಳೆದಿದ್ದೆ, ಗಾಡಿ ಅಂದ್ರೆ ನಂಗೇನ್ ಹೆದರಿಕೆ ಅನ್ಕೊಂಡಿದ್ದೆ. ನಮ್ಮಲ್ಲಿ ಲಾರಿ ರಿವರ್ಸ್ ಬರ್ಬೇಕಾದ್ರೆ ಕ್ಲೀನರ್ ಹಿಂದೆ ನಿಂತು "ಬರ್ಲಿ ಬರ್ಲಿ, ಹೋಲ್ಡಾನ್" ಅಂತ ಬಡೀತಾನೆ, ಹಾರ್ನ್ ಕೇಳ್ಸಿದ್ರೆ ಸರಿಯೋದು, ಇಲ್ಲಾಂದ್ರೆ ನಿಂತ್ಕಳೋದು ನಮ್ಮ ಅಭ್ಯಾಸ. ಇಲ್ಲಿ ಅದೇ ಕಾಲು ತೆಗೆಯೋದು. ಬ್ಯಾಟರಿ ಗಾಡಿ ಸದ್ದೇ ಸರಿಯಾಗಿ ಕೇಳ್ಸಲ್ಲ, ಮುಂದೆ ಎತ್ತರದ ಪ್ಯಾಲೆಟ್ (ಸರಕು ಪೇರಿಸಿದ ಹಲಗೆ) ಇದ್ರೆ ಡ್ರೈವರ್‌ಗೆ ನೀನು ಕಾಣಲ್ಲ, ಮಧ್ಯಮ ಸೈಜಿನ ಗಾಡಿ ಖಾಲಿ ಇದ್ರೂ 4 ಟನ್ ಹತ್ರ ತೂಗುತ್ತೆ. ಅದು ತಿರುಗೋದು ಹಿಂದಿನ ಚಕ್ರದಿಂದ, ಮುಂಭಾಗ ಎಡಕ್ಕೆ ಹೋದ್ರೆ ಹಿಂಭಾಗ ಬಲಕ್ಕೆ ಬೀಸುತ್ತೆ, ಪಕ್ಕದಲ್ಲಿದ್ದೀನಲ್ಲ ಅಂತ ನಿಂತೋನೇ ರ‍್ಯಾಕಿಗೆ ಸಿಕ್ಕಾಕೋತಾನೆ. ಡ್ರೈವರ್ ನಿನ್ನ ನೋಡಿ ಗಾಡಿ ನಿಲ್ಸಿ ಕೈ ಮಾಡೋವರೆಗೂ ದಾಟಬೇಡ. ಎತ್ತಿದ ಫೋರ್ಕ್ ಕೆಳಗಂತೂ ಹೋಗ್ಲೇಬೇಡ.

ನಾನಿದ್ದ ಕಡೆ ಒಂದು ಮೂಲೇಲಿ, ತಿರುವಲ್ಲಿ ಬರೋ ಗಾಡಿ ಕಾಣ್ಲಿ ಅಂತ ಹಾಕಿದ್ದ ಕನ್ನಡಿ ಒಡೆದೋಗಿತ್ತು. ಒಂದ್ ರಾತ್ರಿ ಅಲ್ಲೇ ಗಾಡಿ ನನ್ನ ಸೊಂಟ ಸವರ್ಕೊಂಡ್ ಹೋಯ್ತು, ನಾನು ಯಾರಿಗೂ ಹೇಳ್ಲಿಲ್ಲ. ಏಜೆನ್ಸಿ ಕೆಲಸ, ಬಾಯ್ಬಿಟ್ರೆ ನಾಳೆ ಶಿಫ್ಟಿಗೆ ಕರೆಯಲ್ಲ ಅನ್ನೋ ಭಯ, ಊರಲ್ಲಿ ತಂಗಿ ಮದುವೆ ಸಾಲ ಬೇರೆ. ಮುಂದಿನ ವಾರ ಅದೇ ಮೂಲೇಲಿ ಹಾಸನದ ಕಡೆ ಹುಡುಗನ ಪಾದದ ಮೇಲೆ ಚಕ್ರ ಹತ್ತಿತು.

ಅಪಾಯ ಅನ್ನಿಸಿದ ಕೆಲಸ ಮಾಡಲ್ಲ ಅನ್ನೋ ಹಕ್ಕು ಬ್ರಾಂಪ್ಟನ್ ಇರೋ ಒಂಟಾರಿಯೋ ಪ್ರಾಂತ್ಯದಲ್ಲಿ ಏಜೆನ್ಸಿ ಹುಡುಗರಿಗೂ ಇದೆ ಕಣೋ. ಮೊದ್ಲು ಸೂಪರ್‌ವೈಸರ್‌ಗೆ ಹೇಳ್ಬೇಕು, ಬಗೆಹರೀಲಿಲ್ಲ ಅಂದ್ರೆ ಲೇಬರ್ ಮಿನಿಸ್ಟ್ರಿ ಇನ್ಸ್‌ಪೆಕ್ಟರ್‌ನ ಕರೆಸ್ಬೇಕು, ಅದಕ್ಕೆ ಅಂತ ನಿನ್ನ ತೆಗೆಯೋ ಹಾಗಿಲ್ಲ. ಏಟು ಬಿದ್ರೆ ಡಬ್ಲ್ಯುಎಸ್ಐಬಿಗೆ, ಅಂದ್ರೆ ಕೆಲಸದಲ್ಲಿ ಗಾಯ ಆದೋರಿಗೆ ಪರಿಹಾರ ಕೊಡೋ ಇಲ್ಲಿನ ಮಂಡಳಿಗೆ ಕ್ಲೇಮ್ ಹಾಕು, ಮುಚ್ಚಿಡ್ಬೇಡ. ಇದೆಲ್ಲ ನಂಗೆ ಗೊತ್ತಾಗಿದ್ದು ಆ ಹಾಸನದ ಹುಡುಗನ ಜೊತೆ ಆಸ್ಪತ್ರೇಲಿ ಕೂತಾಗ.

ಈಗ್ಲೂ ಯುಗಾದಿಗೆ ಫೋನ್ ಮಾಡ್ತಾನೆ, ಬೇವು ಬೆಲ್ಲ ತಿಂದ್ರಾ ಅಣ್ಣ ಅಂತಾನೆ. ಆ ಕನ್ನಡಿ ಒಡೆದಿದ್ದು ನಂಗೆ ಮೊದ್ಲೇ ಗೊತ್ತಿತ್ತು ಅಂತ ಅವನಿಗೆ ಇನ್ನೂ ಹೇಳಿಲ್ಲ.