ತೈಲೇತರ ಕೆಲಸ ಅಂದ್ರೆ ಭದ್ರ ಅಂತ ನಾನೂ ನಂಬಿದ್ದೆ

ಸೌದಿಯಲ್ಲಿ ಕಟ್ಟಡ ನಿರ್ಮಾಣದ ಕೆಲಸ ಸಿಕ್ಕಿದೆ, ತೈಲಕ್ಕೂ ಅದಕ್ಕೂ ಸಂಬಂಧವಿಲ್ಲ, ಧೈರ್ಯವಾಗಿ ಹೋಗಬಹುದಾ ಅಂತ ಕೇಳಿದ್ದೀರಿ. 2013ರಲ್ಲಿ ನಾನು ಇದೇ ಮಾತನ್ನ ಅಪ್ಪನಿಗೆ ಹೇಳಿ ರಿಯಾದ್‌ಗೆ ಹೋದವನು.

ನಮ್ಮ ಕಂಪನಿಯದು ಸರ್ಕಾರಿ ಕಟ್ಟಡದ ಗುತ್ತಿಗೆ. ತಿಂಗಳ ಕೊನೆಗೆ ಆದಷ್ಟು ಕೆಲಸ ಅಳೆದು ಬಿಲ್ ಮಾಡೋದು ನನ್ನ ಪಾಲು. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಜನವರಿಗೆ 30ಕ್ಕಿಂತ ಕೆಳಗಿಳಿಯಿತು. ಸೈಟ್‌ನಲ್ಲಿ ಏನೂ ಗೊತ್ತಾಗಲಿಲ್ಲ, ಕಾಂಕ್ರೀಟ್ ಬೀಳ್ತಾನೇ ಇತ್ತು. ಗೊತ್ತಾಗಿದ್ದು ನನ್ನ ಮೇಜಿನ ಮೇಲೆ. ಎರಡು ತಿಂಗಳಿಗೆ ಪಾಸಾಗುತ್ತಿದ್ದ ಬಿಲ್ಲು ಐದು ತಿಂಗಳಾದರೂ ಬರಲಿಲ್ಲ. ಹಳೇ ಬಿಲ್ಲಿನ ಫೈಲ್ ಮೇಲೆ ಹೊಸ ಬಿಲ್ಲಿನ ಫೈಲ್ ಪೇರಿಸ್ತಾ ಹೋದೆ. ಆಮೇಲೆ ಸಂಬಳ ನಿಂತಿತು. ಇಕಾಮಾ (ಅಲ್ಲಿ ವಾಸಿಸೋಕೆ ಬೇಕಾದ ಪರವಾನಗಿ) ಅವಧಿ ಮುಗಿದರೂ ಕಂಪನಿ ನವೀಕರಿಸಲಿಲ್ಲ.

ನನ್ನ ತಪ್ಪು 'ತೈಲೇತರ' ಅನ್ನೋ ಪದ ನಂಬಿದ್ದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಏಳು ತಿಂಗಳ ಸಂಬಳ, ಕೆಲಸ ಬಿಡುವಾಗ ಸಿಗಬೇಕಿದ್ದ ಸರ್ವಿಸ್ ದುಡ್ಡು ಎರಡೂ ಹೋಗಿದ್ದು ಇದರಿಂದಲೇ. ಜಿಡಿಪಿ ಲೆಕ್ಕದಲ್ಲಿ ಕಟ್ಟಡ ತೈಲೇತರ, ನಿಜ. ಆದರೆ ಅದಕ್ಕೆ ದುಡ್ಡು ಕೊಡೋದು ಖಜಾನೆ. 2015ರಲ್ಲಿ ಆ ಖಜಾನೆಯ ಆದಾಯದಲ್ಲಿ ಶೇ. 73 ತೈಲದ್ದು. ಬೆಲೆ ಬಿದ್ದಾಗ ಸರ್ಕಾರ ತನ್ನ ನೌಕರರ ಮೂಲ ಸಂಬಳಕ್ಕೆ ಕೈ ಹಾಕಲ್ಲ, ಗುತ್ತಿಗೆದಾರರ ಬಿಲ್ ತಡೀತದೆ. ಅಂದರೆ ತೈಲದ ಪೆಟ್ಟು ಮೊದಲು ಬೀಳೋದೇ ನಮ್ಮಂಥವರ ಮೇಲೆ. ಬಿಲ್ ಯಾರ ಹೆಸರಿಗೆ ಹೋಗ್ತಿದೆ ಅಂತ ಪ್ರತಿ ತಿಂಗಳು ನಾನೇ ಟೈಪ್ ಮಾಡ್ತಿದ್ದೆ. ಆದರೂ ನಾವು ತೈಲದವರಲ್ಲ ಅನ್ನೋ ಧೈರ್ಯದಲ್ಲಿ ರಾಜೀನಾಮೆ ಕೊಡದೆ ಕೂತೆ.

ಈಗ ಸೌದಿ ಬದಲಾಗಿಲ್ಲ ಅಂತಲ್ಲ. 2018ರಲ್ಲಿ ಶೇ. 5 ವ್ಯಾಟ್ ಬಂತು, 2020ರಲ್ಲಿ ಅದು 15 ಆಯಿತು. ತೈಲ ಬಿಟ್ಟು ಬೇರೆ ಆದಾಯ ಬೆಳೆದಿದೆ. ಆದರೆ ದೊಡ್ಡ ದೊಡ್ಡ ಯೋಜನೆಗಳಿಗೆ ಹಣ ಹಾಕುವ ಸೌದಿ ಸರ್ಕಾರದ ಸಾರ್ವಜನಿಕ ಹೂಡಿಕೆ ನಿಧಿಗೆ ಅಲ್ಲಿನ ಸರ್ಕಾರಿ ತೈಲ ಕಂಪನಿ ಅರಾಮ್ಕೊದ ಲಾಭಾಂಶವೂ ಹರಿದು ಬರುತ್ತೆ. ದುಬೈನ ಜೆಬೆಲ್ ಅಲಿ ಬಂದರಿನ ಕಥೆ ಬೇರೆ, ಅಲ್ಲಿ ದುಡ್ಡು ಕೊಡೋದು ಹೊರಗಿನ ಹಡಗು, ಹೊರಗಿನ ಸರಕು.

ಹಾಗಾಗಿ ಕ್ಷೇತ್ರ ಯಾವುದು ಅಂತ ನೋಡಬೇಡಿ, ಬಿಲ್ ಯಾರು ಕಟ್ತಾರೆ ನೋಡಿ. ಸಂದರ್ಶನದಲ್ಲೇ ಕೇಳಿ: ನಿಮಗೆ ಬರಬೇಕಾದ ಅತಿ ಹಳೆಯ ಬಿಲ್ ಎಷ್ಟು ತಿಂಗಳದ್ದು? ಉತ್ತರ ಬರದಿದ್ದರೆ ಸಹಿ ಹಾಕಬೇಡಿ. ಹೋದಮೇಲೆ ಎರಡು ಸಂಬಳ ತಡವಾದರೆ ಇಕಾಮಾ ಜೀವಂತ ಇರುವಾಗಲೇ ಹೊರಟುಬಿಡಿ.