ಆಮೆ ಮರಿ ಗಂಡೋ ಹೆಣ್ಣೋ: ಮೊದಲು ಅಳತೆ ತೆಗೆಯಿರಿ

ಐದು ಸೆಂಟಿಮೀಟರಿನ ಎರಡು ರೆಡ್ ಇಯರ್ಡ್ ಸ್ಲೈಡರ್ (ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ನೀರಾಮೆ) ಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು, ಜೋಡಿ ಮಾಡಿ ಸಾಕಬಹುದಾ ಅಂತ ಕೇಳಿದ್ದೀರಿ. ಈ ಗಾತ್ರದಲ್ಲಿ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಮರಿಯನ್ನು ತಿರುಗಿಸಿ ನೋಡಿ "ಇದು ಹೆಣ್ಣೇ" ಅನ್ನುವವರು ಊಹೆ ಮಾಡುತ್ತಿದ್ದಾರೆ ಅಷ್ಟೇ.

ಮೊದಲು ಅಳತೆ ತೆಗೆಯಿರಿ. ಆಮೆಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಚಿಪ್ಪಿನ ಮುಂದೊಂದು ಹಿಂದೊಂದು ಪುಸ್ತಕ ನೆಟ್ಟಗೆ ನಿಲ್ಲಿಸಿ, ಎರಡರ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಚಿಪ್ಪಿನ ಉಬ್ಬಿನ ಮೇಲೆ ಟೇಪ್ ಹಾಸಿದರೆ ಅಳತೆ ಹೆಚ್ಚು ಬರುತ್ತದೆ. ಗಂಡಿನ ಲಕ್ಷಣಗಳು ಕಾಣಿಸಿಕೊಳ್ಳುವುದು ಸುಮಾರು 10 ಸೆಂ.ಮೀ. ದಾಟಿದ ಮೇಲೆ. ವಯಸ್ಸಿಗಿಂತ ಗಾತ್ರ ಮುಖ್ಯ. ಹೊಟ್ಟೆ ತುಂಬ ತಿಂದು ಬೆಳೆದ ಮರಿಯಲ್ಲಿ ಬೇಗ, ನಿಧಾನವಾಗಿ ಬೆಳೆದದ್ದರಲ್ಲಿ ತಡವಾಗಿ.

ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹನ್ನೊಂದು ಸೆಂಟಿಮೀಟರಿನ ಆಮೆಗೆ ಉದ್ದ ಉಗುರಿಲ್ಲ, ಆದ್ದರಿಂದ ಹೆಣ್ಣು ಅಂತ ತೀರ್ಮಾನಿಸಿಬಿಡುತ್ತಾರೆ. ಉದ್ದ ಉಗುರು ಬಂದರೆ ಗಂಡು, ಸರಿ. ಬಂದಿಲ್ಲ ಅಂದರೆ ಇನ್ನೂ ಬಂದಿಲ್ಲ ಅಂತ ಮಾತ್ರ ಅರ್ಥ. ಸುಮಾರು 15 ಸೆಂ.ಮೀ. ದಾಟಿಯೂ ಉಗುರು ಗಿಡ್ಡ, ಬಾಲ ಸಣ್ಣ ಇದ್ದರೆ ಆಗ ಹೆಣ್ಣು ಅನ್ನಿ. ಉಗುರು ನೋಡುವಾಗಲೂ ಮುಂಗಾಲನ್ನು ಹಿಂಗಾಲಿನ ಜೊತೆ ಹೋಲಿಸಿ. ಗಂಡಿನಲ್ಲಿ ಮುಂಗಾಲಿನ ನಡುವಿನ ಮೂರು ಉಗುರು ಎದ್ದು ಕಾಣುವಷ್ಟು ಉದ್ದ, ಹಿಂಗಾಲಿನವು ಗಿಡ್ಡ. ಒರಟು ಕಲ್ಲಿಲ್ಲದ ಟ್ಯಾಂಕಿನಲ್ಲಿ ಹೆಣ್ಣಿಗೂ ಉಗುರು ಬೆಳೆಯುತ್ತದೆ, ಆದರೆ ಅದಕ್ಕೆ ಮುಂದೆ ಹಿಂದೆ ಎರಡೂ ಕಡೆ ಬೆಳೆದಿರುತ್ತದೆ. ಮುಖದ ಮುಂದೆ ಮುಂಗಾಲು ಕಂಪಿಸುವುದನ್ನು ಗಂಡಿನ ಗುರುತು ಅನ್ನುತ್ತಾರೆ. ಮರಿಗಳೂ ಹಾಗೆ ಮಾಡುತ್ತವೆ, ಹೆಣ್ಣೂ ಮಾಡುವುದುಂಟು, ಅದನ್ನು ಲೆಕ್ಕಕ್ಕೆ ತಗೋಬೇಡಿ.

ನಾನು ಹೆಚ್ಚು ನಂಬುವುದು ಬಾಲವನ್ನು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಮೆಯನ್ನಿಟ್ಟು ಕೆಳಗಿನಿಂದ ನೋಡಿ. ಗಾಬರಿಯಾದಾಗ ಬಾಲವನ್ನು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಎಳೆಯಬೇಡಿ, ತಾನಾಗಿ ಚಾಚುವವರೆಗೆ ಕಾಯಿರಿ. ಬಾಲದ ಬುಡ ದಪ್ಪಗಿದ್ದು, ಮಲದ್ವಾರ ಚಿಪ್ಪಿನ ಅಂಚು ದಾಟಿ ತುದಿಯ ಕಡೆಗಿದ್ದರೆ ಗಂಡು. ಬಾಲ ಗಿಡ್ಡ, ತೆಳು, ದ್ವಾರ ಬುಡದ ಹತ್ತಿರ ಚಿಪ್ಪಿನ ಅಂಚಿಗೆ ಸಮವಾಗಿದ್ದರೆ ಹೆಣ್ಣು. ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಿರುವುದು ನೆಲದ ಆಮೆಗಳಲ್ಲಿ ಒಳ್ಳೆಯ ಗುರುತು, ಸ್ಲೈಡರಿನಲ್ಲಿ ಅಷ್ಟು ಸ್ಪಷ್ಟವಿಲ್ಲ. ಉಗುರಿನ ಗುರುತೂ ಎಲ್ಲ ಜಾತಿಗೂ ಸಲ್ಲುವುದಿಲ್ಲ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ಕೆಲವೊಮ್ಮೆ ಗಂಡು ತಾನೇ ತೋರಿಸಿಕೊಡುತ್ತದೆ: ಬಾಲದಿಂದ ಕಪ್ಪು-ನೇರಳೆ ಬಣ್ಣದ ಅಂಗ ಹೊರಬಂದು ಕೆಲವೇ ನಿಮಿಷಗಳಲ್ಲಿ ಒಳಗೆ ಹೋಗುತ್ತದೆ. ಕರುಳು ಬಂತೆಂದು ಹೆದರಬೇಡಿ. ಒಂದು ಗಂಟೆಯಾದರೂ ಒಳಗೆ ಹೋಗದಿದ್ದರೆ ಮಾತ್ರ ಅದನ್ನು ಒದ್ದೆಯಾಗಿಟ್ಟು, ಇನ್ನೊಂದು ಆಮೆ ಕಚ್ಚದಂತೆ ಬೇರೆ ಮಾಡಿ, ಪಶುವೈದ್ಯರ ಹತ್ತಿರ ಒಯ್ಯಿರಿ.

ಇನ್ನು ಜೋಡಿಯ ವಿಚಾರ. ಆಮೆಗೆ ಜೊತೆ ಬೇಕು ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಸ್ಲೈಡರಿಗೆ ಒಂಟಿತನದ ಬಾಧೆಯಿಲ್ಲ. ಎರಡು ಗಂಡು ಕಚ್ಚಾಡುತ್ತವೆ. ಗಂಡು ಹೆಣ್ಣು ಒಂದೇ ಟ್ಯಾಂಕಿನಲ್ಲಿದ್ದರೆ ಗಂಡು ಬೆನ್ನು ಹತ್ತಿ ಹೆಣ್ಣಿಗೆ ಬಿಸಿಲು ಕಾಯಲೂ ಬಿಡುವುದಿಲ್ಲ. ಅಲ್ಲದೆ ನಿಮ್ಮ ಎರಡೂ ಮರಿ ಒಂದೇ ಲಿಂಗದವಾಗಿರಬಹುದು. ಇವುಗಳಲ್ಲಿ ಲಿಂಗ ನಿರ್ಧಾರವಾಗುವುದು ಮೊಟ್ಟೆಗೆ ಸಿಕ್ಕ ಕಾವಿನಿಂದ: ಸುಮಾರು 29 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿದ್ದರೆ ಹೆಚ್ಚಾಗಿ ಗಂಡು, ಬಿಸಿಯಿದ್ದರೆ ಹೆಣ್ಣು.

ಲಿಂಗ ತಿಳಿಯಬೇಕಾದ ನಿಜವಾದ ಕಾರಣ ಬೇರೆ. ಹೆಣ್ಣು 25 ಸೆಂ.ಮೀ.ಗೂ ಮೀರಿ ಬೆಳೆಯಬಹುದು, ಅದಕ್ಕೆ 400 ಲೀಟರ್‌ವರೆಗಿನ ನೀರು ಬೇಕು. ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಬೆಳೆದ ಹೆಣ್ಣಿಗೆ 25 ಸೆಂ.ಮೀ. ಆಳ ಒದ್ದೆ ಮಣ್ಣು-ಮರಳು ತುಂಬಿದ ಪೆಟ್ಟಿಗೆ ಕೊಡಿ. ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಬರಬಹುದು. ಊಟ ಬಿಟ್ಟು, ಹಿಂಗಾಲಿನಿಂದ ಕೆರೆಯುತ್ತಾ, ಟ್ಯಾಂಕಿನಿಂದ ಹೊರಬರಲು ಚಡಪಡಿಸಿದರೆ ಆ ಪೆಟ್ಟಿಗೆಗೆ ಬಿಡಿ. ಆಮೇಲೂ ಮೊಟ್ಟೆ ಇಡದೆ ಮಂಕಾದರೆ ತಡ ಮಾಡದೆ ಎಕ್ಸ್‌ರೇ ತೆಗೆಸಿ.