ಹುಳದ ಮಾತ್ರೆ ಕೊಡಬೇಕೋ, ಬೇಡವೋ?

ಶಹಾಪುರ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬರೆದ ಪತ್ರದ ಸಾರ ಇದು: "ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಜ್ಞಾನಿ ರಿಕ್ ಮೈಜೆಲ್ಸ್ ಅವರ ಸಂಶೋಧನೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಹೊಟ್ಟೆಯ ಹುಳಗಳು ರೋಗ ನಿರೋಧಕ ಶಕ್ತಿಯನ್ನು ತಣ್ಣಗೆ ಇಡುತ್ತವೆ ಅಂತ. ಅದನ್ನು ಓದಿದ ತಾಯಿಯೊಬ್ಬರು ಮಗಳಿಗೆ ಜಂತುಹುಳು ಮಾತ್ರೆ ಬೇಡ ಅನ್ನುತ್ತಿದ್ದಾರೆ. ಹುಳ ಇದ್ದರೆ ಅಲರ್ಜಿ, ದಮ್ಮು ಬರಲ್ಲವಂತೆ. ನಾನು ಏನು ಹೇಳಲಿ?"

ಅಕ್ಕಾ, ಶರಣು.

ಮಾತ್ರೆ ಕೊಡಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಾಯಿಯನ್ನು ಗದರಿಸಬೇಡಿ. ಅವರು ಓದಿದ್ದರಲ್ಲಿ ನಿಜವಿದೆ. ಮಗುವಿನ ಒಳಿತಿಗಾಗಿಯೇ ಓದಿ, ಯೋಚಿಸಿ ಕೇಳುತ್ತಿದ್ದಾರೆ. ಅಂಥವರಿಗೆ ಪೂರ್ತಿ ಸಂಗತಿ ಹೇಳಬೇಕು.

ಹುಳ ನಮ್ಮ ಕರುಳಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನಮ್ಮ ರಕ್ತದ ಬಿಳಿ ಕಣಗಳು ಅದನ್ನು ಯಾಕೆ ಓಡಿಸುವುದಿಲ್ಲ? ಮೈಜೆಲ್ಸ್ ಬೆನ್ನು ಹತ್ತಿದ್ದು ಈ ಪ್ರಶ್ನೆಯನ್ನು. ನಮ್ಮ ದೇಹದಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಇದೆ. ಕಾದಾಟ ಸಾಕು ಎಂದು ಉಳಿದ ಕಣಗಳನ್ನು ತಡೆಯುವ ಕೆಲವು ಕಣಗಳಿವೆಯಲ್ಲ, ಅವನ್ನು ತಯಾರು ಮಾಡುವುದು ಅದೇ. ಇಲಿಯ ಕರುಳಿನ ಒಂದು ಹುಳ ಇದೇ ಕೆಲಸ ಮಾಡುವ ಪ್ರೋಟೀನನ್ನು ತಾನೇ ಸ್ರವಿಸುತ್ತದೆ ಎಂದು ಅವರ ತಂಡ 2017ರಲ್ಲಿ ತೋರಿಸಿತು. ಅಚ್ಚರಿ ಏನೆಂದರೆ ಎರಡರ ರಚನೆಗೂ ಹೋಲಿಕೆಯೇ ಇಲ್ಲ. ಆದರೂ ಕಳ್ಳ ಕೀಲಿಯ ಹಾಗೆ ಅದೇ ಬೀಗವನ್ನು ತೆಗೆಯುತ್ತದೆ. ಪ್ರಯೋಗಾಲಯದಲ್ಲಿ ಮನುಷ್ಯರ ಕಣಗಳ ಮೇಲೂ ಅದು ಕೆಲಸ ಮಾಡಿತು. ಇಂಥ ಪ್ರೋಟೀನಿನಿಂದ ಔಷಧಿ ಮಾಡಬಹುದೇ ಎಂಬುದು ಈ ಹುಡುಕಾಟದ ಆಸೆ. ಔಷಧಿ ಕೈಗೆ ಬಂದರೆ ಹುಳ ಯಾರಿಗೆ ಬೇಕು?

ಇನ್ನೂ ಒಂದು ಸಂಗತಿಯನ್ನು ಮುಚ್ಚಿಡಬಾರದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ಕಣಗಳು ನರಮಂಡಲದ ಮೇಲೇ ಬೀಳುತ್ತವೆ. ಅರ್ಜೆಂಟೀನಾದ ವೈದ್ಯ ಹೋರ್ಹೆ ಕೊರಿಯಾಲೆ ಅಂಥ 12 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದರು. 12 ಜನರಿಗೂ ಹೊಟ್ಟೆಯಲ್ಲಿ ಹುಳವಿತ್ತು. ಹುಳವಿಲ್ಲದ ರೋಗಿಗಳಿಗಿಂತ ಇವರಿಗೆ ಕಾಯಿಲೆ ಮರುಕಳಿಸಿದ್ದು ಕಡಿಮೆ. ಆಮೇಲೆ ನಾಲ್ವರಿಗೆ ಹುಳದ ತೊಂದರೆ ಜಾಸ್ತಿಯಾಗಿ ಔಷಧಿ ಕೊಡಬೇಕಾಯಿತು. ಹುಳ ಹೋಯಿತು, ನರದ ಕಾಯಿಲೆ ಮತ್ತೆ ಕೆರಳಿತು. ಸಣ್ಣ ಅಧ್ಯಯನ, ಆದರೆ ತಳ್ಳಿಹಾಕುವಂಥದ್ದಲ್ಲ. ಹಾಗಂತ ಜೀವಂತ ಹುಳವನ್ನೇ ಮದ್ದು ಮಾಡಲು ಹೋದವರಿಗೆ ಗೆಲುವು ಸಿಕ್ಕಿಲ್ಲ. ಕರುಳಿನ ಕ್ರೋನ್ಸ್ ಕಾಯಿಲೆಗೆ ಹಂದಿಯ ಚಾಟಿಹುಳುವಿನ ಮೊಟ್ಟೆ ಕುಡಿಸಿದರು. 2005ರಲ್ಲಿ ಫಲ ಕಂಡಿತು. 2013ರ ದೊಡ್ಡ ಪರೀಕ್ಷೆಯಲ್ಲಿ ಕಾಣಲಿಲ್ಲ.

ದಮ್ಮಿನ ವಿಚಾರ ಆ ತಾಯಿಗೆ ಬಿಡಿಸಿ ಹೇಳಿ. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೊಕ್ಕೆಹುಳು ಇದ್ದವರಲ್ಲಿ ದಮ್ಮು ಕಡಿಮೆ ಇತ್ತು, ನಿಜ. ಆದರೆ ದುಂಡುಹುಳು ಇದ್ದವರಲ್ಲಿ ಜಾಸ್ತಿ ಇತ್ತು! ಮಗುವಿನ ಹೊಟ್ಟೆಗೆ ಯಾವ ಹುಳ ಸೇರಬೇಕೆಂದು ಆರಿಸುವುದು ನಮ್ಮ ಕೈಯಲ್ಲಿದೆಯೇ? ರಕ್ಷಣಾ ಶಕ್ತಿ ತಣ್ಣಗಾಗುವುದಕ್ಕೂ ಬೆಲೆ ಇದೆ. ಇಥಿಯೋಪಿಯಾದಲ್ಲಿ ಹುಳದ ಔಷಧಿ ಕೊಟ್ಟ ಮೇಲೆ ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡವರ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸಿತು. ಹುಳ ಇಟ್ಟುಕೊಂಡೇ ಲಸಿಕೆ ಪಡೆದವರಲ್ಲಿ ಅಷ್ಟು ಸ್ಪಂದನೆ ಕಾಣಲಿಲ್ಲ. ಕ್ಷಯ ಇನ್ನೂ ಬಿಟ್ಟು ಹೋಗದ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ರಕ್ತ. ಕೃಷ್ಣಾ ಕಾಲುವೆ ನೀರು ಬಂದ ಮೇಲೆ ನಿಮ್ಮ ತಾಲ್ಲೂಕಿನಲ್ಲಿ ಭತ್ತ ಬಂತು. ತಾಯಂದಿರು ಬರಿಗಾಲಲ್ಲಿ ಗದ್ದೆಗೆ ಹೋಗುತ್ತಾರೆ, ಮಕ್ಕಳು ಬದುವಿನ ಮೇಲೆ ಆಡುತ್ತಾರೆ. ಬಯಲಿಗೆ ಹೋಗುವ ರೂಢಿ ಇರುವ ಕಡೆ, ಅಂಥ ಹಸಿ ಮಣ್ಣಿನಲ್ಲೇ ಕೊಕ್ಕೆಹುಳುವಿನ ಮರಿ ಕಾದಿರುತ್ತದೆ. ಪಾದದ ಚರ್ಮ ಕೊರೆದು ಒಳಗೆ ಹೋಗಿ, ರಕ್ತದಲ್ಲಿ ಸಾಗಿ, ಶ್ವಾಸಕೋಶ ದಾಟಿ, ಗಂಟಲಿಗೆ ಬಂದು ಕರುಳಿಗೆ ಇಳಿಯುತ್ತದೆ. ಇದರಲ್ಲಿ ಹೆಚ್ಚು ರಕ್ತ ಕುಡಿಯುವ ಜಾತಿಯ ಒಂದು ಹುಳ ದಿನಕ್ಕೆ ಸುಮಾರು 0.15 ಮಿಲಿಲೀಟರ್ ಕುಡಿಯುತ್ತದೆ. ಅಂಥ 100 ಹುಳವಿದ್ದರೆ ದಿನಕ್ಕೆ ಮೂರು ಟೀ ಚಮಚ ರಕ್ತ. ಮೊದಲೇ ರಕ್ತ ಕಡಿಮೆ ಇರುವ ಹುಡುಗಿಯರ ಮೈಯಲ್ಲಿ ಅಷ್ಟು ಎಲ್ಲಿಂದ ಬರಬೇಕು?

ಮಾತ್ರೆಯೊಂದೇ ಸಾಕಾಗುವುದಿಲ್ಲ ಎಂಬುದೂ ನಿಮಗೆ ಗೊತ್ತು. ನೀವು ಕೊಡುವ ಜಂತುಹುಳು ಮಾತ್ರೆ, ಆಲ್ಬೆಂಡಜೋಲ್, ದುಂಡುಹುಳುವನ್ನು ಚೆನ್ನಾಗಿ ಕೊಲ್ಲುತ್ತದೆ. ಒಂದೇ ಡೋಸಿಗೆ ಚಾಟಿಹುಳು ಅಷ್ಟು ಸುಲಭಕ್ಕೆ ಹೋಗಲ್ಲ. ಮಣ್ಣು ಹಾಗೆಯೇ ಇದ್ದರೆ ಹುಳ ಕೆಲವೇ ತಿಂಗಳಲ್ಲಿ ವಾಪಸ್ಸು. ಅದಕ್ಕೇ 2015ರಲ್ಲಿ ಶುರುವಾದ ಜಂತುಹುಳು ನಿವಾರಣಾ ದಿನವನ್ನು ಫೆಬ್ರವರಿಯಲ್ಲೂ ಆಗಸ್ಟ್‌ನಲ್ಲೂ ಮಾಡುವುದು. ಶೌಚಾಲಯ, ಕಾಲಿಗೆ ಚಪ್ಪಲಿ, ಕೈಗೆ ಸಾಬೂನು ಬೇಕೇ ಬೇಕು. ಶೌಚಾಲಯ ಕಟ್ಟಿಸಿ ನೀರು ಕೊಡದಿರುವುದು ತಾಯಂದಿರ ತಪ್ಪಲ್ಲ. ಅದನ್ನು ಪಂಚಾಯಿತಿಯಲ್ಲೇ ಕೇಳಬೇಕು, ನಾವೂ ಬರೆಯುತ್ತೇವೆ.

ಆ ತಾಯಿಯ ಎದುರಿಗೇ ಮಗುವಿಗೆ ಮಾತ್ರೆ ಕೊಡಿ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕಲಸಿ. ಎರಡು ದಾಟಿದವರಿಗೆ 400 ಮಿಲಿಗ್ರಾಂನ ಪೂರ್ತಿ ಮಾತ್ರೆ. ದೊಡ್ಡ ಮಕ್ಕಳು ಅಗಿದು ನುಂಗಲಿ. ಹುಳ ಜಾಸ್ತಿ ಇದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಂತಿ ಆಗಬಹುದು ಎಂದು ಮೊದಲೇ ಹೇಳಿಬಿಡಿ, ಆಗ ಹೆದರುವುದಿಲ್ಲ. ಜ್ವರ ಇದ್ದ ಮಗುವಿಗೆ ಅವತ್ತು ಬೇಡ, ಹುಷಾರಾದ ಮೇಲೆ ಕೊಡಿ. ಶಾಲೆ ಬಿಟ್ಟವರಿಗೂ ನಿಮ್ಮಲ್ಲೇ ಮಾತ್ರೆ ಸಿಗುತ್ತದೆ. ಗುಳೆ ಹೋಗಿ ಬಂದ ಮನೆಗಳ ಮಕ್ಕಳ ಹೆಸರನ್ನೂ ಪಟ್ಟಿಗೆ ಸೇರಿಸಿಕೊಳ್ಳಿ, ಆ ದಿನ ಅವರು ಊರಲ್ಲಿ ಇರುವುದೇ ಅಪರೂಪ, ಅಲ್ವಾ?

— ಸಂಪಾದಕ, ಕಲಬುರಗಿ